“ನಿಮ್ಮದೇನಾದರೂ ಪ್ರಶ್ನೆ ಇದೆಯಾ?” ಅಂದಾಗ ನಾನು ಕೇಳುವುದು

ಸಂದರ್ಶನ ಮುಗಿಯುವ ಹೊತ್ತಿಗೆ ಎದುರಿಗಿದ್ದವರು “ನಿಮ್ಮದೇನಾದರೂ ಪ್ರಶ್ನೆ ಇದೆಯಾ?” ಅಂತ ಕೇಳುತ್ತಾರಲ್ಲ, ನನ್ನ ಎರಡನೇ ಕೆಲಸದ ಸಂದರ್ಶನದಲ್ಲಿ ಆಗ ನಾನು ಕೇಳಿದ್ದು ಒಂದೇ: “ಇಲ್ಲಿ ಕೆಲಸದ ವಾತಾವರಣ ಹೇಗಿದೆ?” ಅವರು ನಗುನಗುತ್ತಾ “ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ದೀವಿ” ಅಂದರು. ನನಗೆ ಖುಷಿಯಾಯಿತು. ಸೇರಿಕೊಂಡೆ.

3 ತಿಂಗಳಲ್ಲೇ ವಿಷಯ ಗೊತ್ತಾಯಿತು. ನಾನು ಕೂತ ಜಾಗದಲ್ಲಿ 2 ವರ್ಷದೊಳಗೆ 3 ಜನ ಬಂದು ಹೋಗಿದ್ದರು. ರಜೆ ಹಾಕಿದರೂ ಫೋನ್ ತಪ್ಪುತ್ತಿರಲಿಲ್ಲ. ಏನಾದರೂ ಎಡವಟ್ಟಾದರೆ ಮೀಟಿಂಗಿನಲ್ಲಿ ಮೊದಲು ಬರುತ್ತಿದ್ದ ಮಾತು “ಇದನ್ನ ಮಾಡಿದ್ದು ಯಾರು?” ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ತಪ್ಪು ಹುಡುಕಿ ಹೇಳುವುದೇ ನನ್ನ ಕೆಲಸ. ಹೇಳಲು ಹೆದರಿಕೆಯಾಗುವ ಜಾಗದಲ್ಲಿ ಆ ಕೆಲಸ ಮಾಡುವುದು ಹೇಗೆ? 14 ತಿಂಗಳು ತಡೆದುಕೊಂಡೆ. ನಿದ್ದೆ ಕೆಟ್ಟಿತು, ಕೊನೆಗೆ ಬಿಟ್ಟೆ.

ಅವರು ಬೇಕೂಂತ ಸುಳ್ಳು ಹೇಳಿದರು ಅಂತ ನನಗೆ ಈಗಲೂ ಅನಿಸುವುದಿಲ್ಲ. ನಾನು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ. “ಹೇಗಿದೆ” ಅಂದರೆ ಯಾರೇ ಆಗಲಿ “ಚೆನ್ನಾಗಿದೆ” ಅಂತಾರೆ. ಆದರೆ ಸಂದರ್ಶನದಲ್ಲಿ ಅವರು ನಮ್ಮನ್ನು ಹೀಗೆ ಕೇಳುವುದಿಲ್ಲ, ಗಮನಿಸಿದ್ದೀರಾ? “ನೀವು ಶ್ರಮಜೀವಿಯಾ?” ಅಂತ ಕೇಳುವುದಿಲ್ಲ. “ಗಡುವಿನೊಳಗೆ ಕೆಲಸ ಮುಗಿಯದ ಒಂದು ಸಂದರ್ಭ ಹೇಳಿ, ಆಗ ನೀವೇನು ಮಾಡಿದಿರಿ?” ಅಂತ ಕೇಳುತ್ತಾರೆ. ಅಭಿಪ್ರಾಯ ಬೇಡ, ನಡೆದದ್ದು ಬೇಕು. ಅದನ್ನೇ ನಾವೂ ತಿರುಗಿಸಿ ಕೇಳಬಹುದು ಅಂತ ನನಗೆ ಹೊಳೆದದ್ದು ಮುಂದಿನ ಕೆಲಸ ಹುಡುಕುವಾಗ.

ಒಂದು ಸಂಜೆ ಕೂತು, ಹಳೆಯ ಕೆಲಸದಲ್ಲಿ ನನಗೆ ನೋವಾದ ಸಂಗತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಪ್ರತಿಯೊಂದರ ಪಕ್ಕದಲ್ಲೂ, ಅದನ್ನು ಮೊದಲೇ ತಿಳಿಯಲು ಏನು ಕೇಳಬಹುದಿತ್ತು ಅಂತ ಬರೆದೆ. ಪ್ರಶ್ನೆಗಳ ಪಟ್ಟಿ ಹುಡುಕುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಒಬ್ಬರಿಗೆ ಮುಖ್ಯವಾದದ್ದು ಇನ್ನೊಬ್ಬರಿಗೆ ಲೆಕ್ಕಕ್ಕೇ ಬರದಿರಬಹುದು.

ಮೊದಲನೆಯದು ಸುಲಭ: “ಈ ಜಾಗ ಯಾಕೆ ಖಾಲಿಯಾಯಿತು? ಮೊದಲು ಇದ್ದವರು ಎಷ್ಟು ದಿನ ಇದ್ದರು?” ಹೊಸ ಹುದ್ದೆಯಾದರೆ ಹಾಗಂತ ಹೇಳುತ್ತಾರೆ. ಬಡ್ತಿ ಸಿಕ್ಕಿ ಹೋಗಿದ್ದರೆ ಖುಷಿಯಿಂದ ಹೇಳುತ್ತಾರೆ.

ನಾನು ತುಂಬ ನೆಚ್ಚಿಕೊಂಡಿರುವುದು ಎರಡನೆಯದನ್ನು. “ಇತ್ತೀಚೆಗೆ ನಿಮ್ಮ ತಂಡದಲ್ಲಿ ಒಂದು ದೊಡ್ಡ ತಪ್ಪು ಆಗಿದ್ದರೆ, ಅದು ಗೊತ್ತಾದ ಮೇಲೆ ಏನೇನು ನಡೀತು ಅಂತ ಹೇಳ್ತೀರಾ?” ಇಲ್ಲಿ ಉತ್ತರ ಏನು ಅನ್ನುವುದಕ್ಕಿಂತ ಮಾತು ಎಲ್ಲಿಂದ ಶುರುವಾಗುತ್ತದೆ ಅಂತ ನೋಡುತ್ತೇನೆ. ಒಂದು ಕಡೆ “ಒಬ್ಬ ಹೊಸ ಹುಡುಗ ಸರಿಯಾಗಿ ನೋಡಿರಲಿಲ್ಲ” ಅಂತ ಶುರುವಾಯಿತು. ಇನ್ನೊಂದು ಕಡೆ “ಆ ಪರೀಕ್ಷೆ ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ಮಾರನೇ ದಿನ ಸೇರಿಸಿದೆವು” ಅಂತ ಬಂತು. ತಪ್ಪು ಎರಡೂ ಕಡೆ ಒಂದೇ ಥರದ್ದು. “ನಮ್ಮಲ್ಲಿ ಅಂಥ ತಪ್ಪು ಆಗೋದೇ ಇಲ್ಲ” ಅಂದರೆ ನನಗೆ ಇನ್ನೂ ಜಾಸ್ತಿ ಭಯ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ್ದರು. ಚೆನ್ನಾಗಿ ಕೂಡಿ ಕೆಲಸ ಮಾಡುವ ತಂಡಗಳಲ್ಲೇ ತಪ್ಪಿನ ವರದಿ ಹೆಚ್ಚಾಗಿ ಕಂಡವು. ಅಂಥ ತಂಡಗಳಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಅನ್ನುವುದು ಅವರು ಕೊಟ್ಟ ವಿವರಣೆ. ಇದನ್ನು ಓದಿದ ದಿನ ನನ್ನ ಹಳೆಯ ಆಫೀಸಿನ ಮೀಟಿಂಗುಗಳು ಕಣ್ಮುಂದೆ ಬಂದವು. ಅಲ್ಲಿ ವರದಿಯಾಗುತ್ತಿದ್ದ ತಪ್ಪುಗಳು ಬಹಳ ಕಡಿಮೆ.

ಮೂರನೆಯದು ರಜೆ. “ರಜೆ ಎಷ್ಟು ದಿನ?” ಅಂತ ಕೇಳುವುದು ಬಿಟ್ಟೆ, ಅದು ಕಾಗದದಲ್ಲಿ ಇದ್ದೇ ಇರುತ್ತದೆ. “ನಿಮ್ಮ ತಂಡದಲ್ಲಿ ಕೊನೆಯ ಸಲ ಯಾರಾದರೂ ಪೂರ್ತಿ ಒಂದು ವಾರ ರಜೆ ಹಾಕಿದ್ದು ಯಾವಾಗ? ಆಗ ಅವರ ಕೆಲಸ ಯಾರು ನೋಡಿಕೊಂಡರು?” ಅಂತ ಕೇಳುತ್ತೇನೆ. ಫ್ರಾನ್ಸ್‌ನಂಥ ಕೆಲವು ದೇಶಗಳಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಸಂಪರ್ಕದಿಂದ ದೂರ ಇರುವ ಹಕ್ಕಿಗೆ ಕಾನೂನೇ ಇದೆ. ಫ್ರಾನ್ಸ್‌ನಲ್ಲಿ ಅದು 2017ರಲ್ಲಿ ಜಾರಿಗೆ ಬಂತು. ಕಾನೂನು ಇರಲಿ ಇಲ್ಲದಿರಲಿ, ತಂಡದಲ್ಲಿ ನಡೆಯುವುದು ಏನು ಅಂತ ತಿಳಿಯಲು ಕೇಳಲೇಬೇಕು.

ಈ ರಜೆಯ ಪ್ರಶ್ನೆಯಿಂದಲೇ ಒಂದು ಕೆಲಸ ಕೈಬಿಟ್ಟೆ. ಮ್ಯಾನೇಜರ್ “ರಜೆಯಲ್ಲಿ ಇರೋರನ್ನ ನಾವು ಮುಟ್ಟೋದೇ ಇಲ್ಲ” ಅಂದಿದ್ದರು. ಮಾರನೇ ದಿನ ಅದೇ ತಂಡದ ಒಬ್ಬರ ಜೊತೆ ಮಾತಾಡಿದಾಗ ಅವರು ಸಹಜವಾಗಿ “ಹೋದ ತಿಂಗಳು ಹೋಗಿದ್ದೆ, ಲ್ಯಾಪ್‌ಟಾಪ್ ಜೊತೆಗೇ ಇತ್ತು, ಏನೂ ತೊಂದರೆ ಆಗಲಿಲ್ಲ” ಅಂದರು. ಅವರ ಪಾಲಿಗೆ ಅದು ದೂರೂ ಅಲ್ಲ, ಅಷ್ಟು ಅಭ್ಯಾಸವಾಗಿತ್ತು. ಆ ಕಂಪನಿ ಕೊಡುತ್ತಿದ್ದ ಸಂಬಳ ಉಳಿದೆಲ್ಲ ಕಡೆಗಿಂತ ಜಾಸ್ತಿ. ಎರಡು ರಾತ್ರಿ ಯೋಚಿಸಿ ಬೇಡ ಅಂದೆ. ಸಾಲದ ಕಂತು ತಲೆ ಮೇಲಿದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ, ಅದರಲ್ಲಿ ತಪ್ಪೇನೂ ಇಲ್ಲ. ಗೊತ್ತಿದ್ದು ಒಪ್ಪಿಕೊಳ್ಳುವುದೇ ಬೇರೆ.

ಅದಕ್ಕೇ ಒಂದೇ ಪ್ರಶ್ನೆಯನ್ನು ಕನಿಷ್ಠ ಇಬ್ಬರಿಗೆ, ಬೇರೆ ಬೇರೆಯಾಗಿ ಕೇಳುತ್ತೇನೆ. ಸಂದರ್ಶನದ ದಿನ ಗೊತ್ತು ಮಾಡುವಾಗಲೇ ಎಚ್‌ಆರ್‌ನವರಿಗೆ “ತಂಡದಲ್ಲಿ ಜೊತೆಗೆ ಕೆಲಸ ಮಾಡುವವರ ಹತ್ತಿರ 15 ನಿಮಿಷ ಮಾತಾಡಬಹುದಾ?” ಅಂತ ಬರೆಯುತ್ತೇನೆ. ಹೆಚ್ಚಿನವರು ಒಪ್ಪಿದ್ದಾರೆ. ಮಾತು ಮುಗಿದ ಕೂಡಲೇ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡುತ್ತೇನೆ. ಮಾರನೇ ದಿನದ ಹೊತ್ತಿಗೆ ನೆನಪು ನಮಗೆ ಬೇಕಾದ ಹಾಗೆ ತಿರುಗಿರುತ್ತದೆ, ಕೆಲಸ ಬೇಕೇಬೇಕು ಅಂತಿದ್ದಾಗಲಂತೂ ಇನ್ನೂ ಜಾಸ್ತಿ.

ಕೇಳುವ ಧಾಟಿಯೂ ಮುಖ್ಯ. ಮೊದಮೊದಲು ನನ್ನ ದನಿಯಲ್ಲಿ ಹಳೆಯ ಕೆಲಸದ ಕಹಿ ಇತ್ತು. ಒಬ್ಬರು “ಅದನ್ನೆಲ್ಲ ಸೇರಿದ ಮೇಲೆ ನೋಡೋಣ” ಅಂತ ಮಾತು ಮುರಿದರು. ಆಮೇಲಿಂದ “ಇಲ್ಲಿ ನಾನು ಚೆನ್ನಾಗಿ ಕೆಲಸ ಮಾಡೋಕೆ ಆಗುತ್ತಾ ಅಂತ ತಿಳಿಯೋಕೆ ಕೇಳ್ತಿದ್ದೀನಿ” ಅಂತ ಮೊದಲೇ ಹೇಳುತ್ತೇನೆ. ನಿಜವೂ ಅದೇ. ಉತ್ತರ ತಡವಾಯಿತು, ತೊದಲಿದರು ಅಂತ ಯಾರನ್ನೂ ತೂಗಬಾರದು ಅಂತಲೂ ಕಲಿತೆ. “ನಿಮಗಿಂತ ಕಿರಿಯರು ನಿಮ್ಮ ಮಾತು ಒಪ್ಪದೆ, ನೀವು ನಿರ್ಧಾರ ಬದಲಿಸಿದ್ದು ಇದೆಯಾ?” ಅಂತ ಒಬ್ಬ ಮ್ಯಾನೇಜರಿಗೆ ಕೇಳಿದ್ದೆ. ಅವರು ತುಂಬ ಹೊತ್ತು ಸುಮ್ಮನಿದ್ದು “ಈಗ ನೆನಪಾಗ್ತಿಲ್ಲ” ಅಂದರು. ಎರಡು ದಿನ ಬಿಟ್ಟು ಅವರಿಂದ ಒಂದು ಮೇಲ್ ಬಂತು. ಒಂದು ಸಾಫ್ಟ್‌ವೇರ್ ಬಿಡುಗಡೆಯ ದಿನಾಂಕವನ್ನು ತಂಡದ ಹೊಸಬರೊಬ್ಬರ ಮಾತು ಕೇಳಿ ಮುಂದೆ ಹಾಕಿದ್ದನ್ನು ಅದರಲ್ಲಿ ವಿವರವಾಗಿ ಬರೆದಿದ್ದರು. ಅಲ್ಲಿಗೇ ಸೇರಿದೆ.

ಸೇರಿ ಈಗ 3 ವರ್ಷ. ತಪ್ಪಾದಾಗ ಹೇಳಲು ಹೆದರಿಕೆ ಇಲ್ಲ. ರಜೆಯಲ್ಲಿ ಫೋನ್ ಬಂದಿಲ್ಲ. ಆದರೆ ಒಂದು ವಿಷಯ ನನ್ನ ಹಾಳೆಯಲ್ಲಿ ಇರಲಿಲ್ಲ. ಇಲ್ಲಿ ಯಾವುದು ಮೊದಲು ಆಗಬೇಕು ಅನ್ನುವುದು ಪದೇ ಪದೇ ಬದಲಾಗುತ್ತದೆ. ವಾರಗಟ್ಟಲೆ ಮಾಡಿದ ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ, ಅದು ನಿಜಕ್ಕೂ ಬೇಸರ ತರುತ್ತದೆ. ಹಳೆಯ ಕೆಲಸದಲ್ಲಿ ಆ ತೊಂದರೆ ಇರಲಿಲ್ಲ, ಹಾಗಾಗಿ ಕೇಳಬೇಕು ಅಂತಲೇ ತೋಚಿರಲಿಲ್ಲ. ಈಗ ಹಾಳೆಯ ಕೊನೆಗೆ ಇನ್ನೊಂದು ಸಾಲು ಸೇರಿದೆ: “ಹೋದ 3 ತಿಂಗಳಲ್ಲಿ ನೀವು ಶುರು ಮಾಡಿ ಕೈಬಿಟ್ಟ ಕೆಲಸ ಯಾವುದು? ಅದನ್ನು ತಂಡಕ್ಕೆ ಹೇಗೆ ತಿಳಿಸಿದಿರಿ?”