ಬ್ರಿಸ್ಟಲ್‌ಗೆ ಹೊರಟವರಿಗೆ: ಗೋಡೆ ಮೇಲಿಟ್ಟ ಪುಸ್ತಕಗಳ ಬಗ್ಗೆ

ಆಗಸ್ಟ್‌ನಲ್ಲಿ ರಜೆಗೆ ಧಾರವಾಡಕ್ಕೆ ಬಂದರೆ ಸಪ್ತಾಪುರದ ನಮ್ಮ ಮನೆಗೆ ಇಂಗ್ಲೆಂಡಿಗೆ ಹೊರಟವರು ಬರುತ್ತಾರೆ. ಹುಬ್ಬಳ್ಳಿಯವರು, ಗದಗಿನವರು, ಹೆಚ್ಚಿನವರು ಸೆಪ್ಟೆಂಬರ್‌ಗೆ ಕಾಲೇಜು ಸೇರುವ ಹುಡುಗ ಹುಡುಗಿಯರು. ಕುಕ್ಕರ್ ಒಯ್ಯಬೇಕಾ, ಶೇಂಗಾ ಚಟ್ನಿ ಬಿಡ್ತಾರಾ, ಸ್ವೆಟರ್ ಎಷ್ಟು ಬೇಕು ಅಂತ ಕೇಳುತ್ತಾರೆ. ಅದನ್ನೆಲ್ಲ ಯಾರಾದರೂ ಹೇಳುತ್ತಾರೆ. ಯಾರೂ ಕೇಳದ್ದನ್ನು ನಾನು ಬರೆಯುತ್ತೇನೆ. ನವೆಂಬರ್ ಸಂಜೆಗಳನ್ನು ಹೇಗೆ ಕಳೆಯುವುದು? ನಾಲ್ಕೂವರೆಗೆಲ್ಲ ಕತ್ತಲು. ಮಳೆ ನಮ್ಮ ಧಾರವಾಡದ ಜಿಟಿಜಿಟಿ ಮಳೆಯೇ, ಆದರೆ ಚಹಾ ಕುಡಿಯುತ್ತಾ ಮಾತಾಡಲು ಜನ ಇರುವುದಿಲ್ಲ.

ನಾನು ಇಂಗ್ಲೆಂಡಿನ ಬ್ರಿಸ್ಟಲ್ ಊರಿಗೆ ಹೋದ ಮೊದಲ ವರ್ಷ, ಕೆಲಸ ಮುಗಿಸಿ ಬರುವಾಗ, ಒಂದು ಮನೆಯ ಮುಂದಿನ ಗಿಡ್ಡ ಗೋಡೆಯ ಮೇಲೆ ರಟ್ಟಿನ ಡಬ್ಬಿ ಇತ್ತು. ಬೇಕಾದವರು ಒಯ್ಯಿರಿ ಅಂತ ಚೀಟಿ. ತುಂಬ ಪುಸ್ತಕ. ಮಳೆಗೆ ರಟ್ಟು ಮೆತ್ತಗಾಗಿತ್ತು, ಮೇಲಿನವು ಆಗಲೇ ಮುದ್ದೆ. ಬೆಳಗಾದರೆ ಎಲ್ಲವೂ ಕಸ. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ತಕ್ಕಡಿಗೆ ಬಿದ್ದ ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ಬಿಡಿಸಿ ತರುತ್ತಿದ್ದ ಅಪ್ಪನ ಮಗಳು ನಾನು. ಬಿಟ್ಟು ಬರಲು ಆಗಲಿಲ್ಲ. ಅಡಿಯಲ್ಲಿದ್ದ ಮೂರನ್ನು ಕೋಟಿನೊಳಗೆ ಇಟ್ಟುಕೊಂಡು ಬಂದೆ.

ಮೂರರ ಮೇಲೂ ಒಂದೇ ಹೆಸರು: ಡಯಾನಾ ವಿನ್ ಜೋನ್ಸ್. ನಾನು ಕೇಳಿಯೇ ಇರಲಿಲ್ಲ. ಮಕ್ಕಳ ಫ್ಯಾಂಟಸಿ ಅಂತ ನೋಡಿ ಸ್ವಲ್ಪ ನಿರಾಸೆಯೂ ಆಯಿತು. ಒಣಗಲಿ ಅಂತ ಹಾಳೆ ಬಿಡಿಸುತ್ತಿದ್ದಾಗ ಒಂದು ಸಾಲು ಓದಿದೆ. ಆಮೇಲೆ ಒಂದು ಪುಟ. ಹಸಿ ಹಾಳೆಗಳನ್ನೇ ರಾತ್ರಿ ಹನ್ನೆರಡರವರೆಗೆ ಓದಿದೆ.

ಅದು 1986ರಲ್ಲಿ ಬಂದ 'ಹೌಲ್ಸ್ ಮೂವಿಂಗ್ ಕ್ಯಾಸಲ್'. ಇದರ ಮೇಲೆ ಜಪಾನಿನ ಮಿಯಾಝಾಕಿ 2004ರಲ್ಲಿ ಸಿನಿಮಾ ಮಾಡಿದ್ದಾರೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಪುಸ್ತಕ ಬೇರೆಯೇ. ಸೋಫಿ ಎಂಬ ಹುಡುಗಿ ಮಾಟಕ್ಕೆ ಸಿಕ್ಕಿ ಮುದುಕಿಯಾಗುತ್ತಾಳೆ, ಹೌಲ್ ಎಂಬ ಮಾಂತ್ರಿಕನ ನಡೆದಾಡುವ ಕೋಟೆ ಸೇರುತ್ತಾಳೆ. ಆ ಕೋಟೆಯ ಬಾಗಿಲ ಮೇಲೆ ತಿರುಗಿಸುವ ಒಂದು ಚೌಕ ಕಟ್ಟಿಗೆಯ ಹಿಡಿ. ನಾಲ್ಕು ಕಡೆ ನಾಲ್ಕು ಬಣ್ಣ. ನೀಲಿ ಕೆಳಗೆ ಬಂದರೆ ಬಾಗಿಲು ಬಂದರಿನ ಊರಿಗೆ ತೆರೆಯುತ್ತದೆ. ಕೆಂಪಿಗೆ ರಾಜಧಾನಿ, ಹಸಿರಿಗೆ ಬೆಟ್ಟ. ಕಪ್ಪು ಎಲ್ಲಿಗೆ ಅಂತ ಹೌಲ್‌ಗೆ ಮಾತ್ರ ಗೊತ್ತು.

ಕಪ್ಪು ಬಾಗಿಲು ವೇಲ್ಸ್‌ಗೆ ತೆರೆಯುತ್ತದೆ. ನಮ್ಮ ನಿಮ್ಮ ಈ ಜಗತ್ತಿನ ವೇಲ್ಸ್, ಬ್ರಿಸ್ಟಲ್‌ನಿಂದ ಸೆವರ್ನ್ ನದಿ ದಾಟಿದರೆ ಸಿಗುವ ನಾಡು. ದೊಡ್ಡ ಮಾಂತ್ರಿಕ ಹೌಲ್ ಅಲ್ಲಿ ಬರೀ ಹೊವೆಲ್ ಜೆಂಕಿನ್ಸ್. ಸಹೋದರಿಯ ಮನೆಗೆ ಹೋದರೆ ಅವಳು ಬೈಯುತ್ತಾಳೆ. ಅವನು ದೂರದಲ್ಲಿ ಏನು ಮಾಡುತ್ತಾನೆ ಅಂತ ಮನೆಯವರಿಗೆ ಗೊತ್ತಿಲ್ಲ, ಹೇಳಿದರೆ ತಿಳಿಯುವುದೂ ಇಲ್ಲ. ಈ ಭಾಗ ಓದಿ ನಾನು ಅತ್ತೆ. ಊರಿಗೆ ಫೋನ್ ಮಾಡಿ ಇಟ್ಟ ಮೇಲೆ ಆಗುವ ಸಂಕಟ ಅದರಲ್ಲಿತ್ತು. ಮುಂದೆ ಇದೇ ಭಾಗವನ್ನು ಕನ್ನಡದಲ್ಲಿ ಹೇಳುತ್ತಾ ಹೋದಾಗ ಅವ್ವ, 'ಆಕಿ ಬೈಯೂದು ಖರೇನ ಐತಿ, ಮನಿಗೆ ಹೋಗಬೇಕಿಲ್ಲೋ ಅವ' ಅಂದಳು.

ಲೇಖಕಿಯ ಬಾಲ್ಯವೇ ಒಂದು ಕಥೆ. ಹುಟ್ಟಿದ್ದು 1934ರಲ್ಲಿ, ಲಂಡನ್‌ನಲ್ಲಿ. ಮೂವರು ಅಕ್ಕತಂಗಿಯರಲ್ಲಿ ದೊಡ್ಡವರು, ಸೋಫಿಯ ಹಾಗೆಯೇ. ಅಪ್ಪ ಒಂದು ಸೆಟ್ ಕಥೆ ಪುಸ್ತಕ ಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ವರ್ಷಕ್ಕೊಂದು ಕ್ರಿಸ್‌ಮಸ್, ಮೂವರಿಗೂ ಸೇರಿ ಒಂದೇ ಪುಸ್ತಕ. ಓದಲು ಸಾಲದೆ ಈಕೆ ತಾನೇ ನೋಟ್‌ಬುಕ್ಕಿನಲ್ಲಿ ಕಥೆ ಬರೆದು ತಂಗಿಯರಿಗೆ ಓದಿ ಹೇಳುತ್ತಿದ್ದರು. ಅಂಥವರ ಪುಸ್ತಕ ಮಳೆಯಲ್ಲಿ ನೆನೆಯುತ್ತಿತ್ತಲ್ಲ! ಅವರು 1976ರಿಂದ ಬ್ರಿಸ್ಟಲ್‌ನಲ್ಲೇ ಇದ್ದವರು, 2011ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅದು ತಿಳಿದ ದಿನದಿಂದ ಆ ಊರು ನನಗೆ ಪರವೂರು ಅನಿಸಲಿಲ್ಲ.

ಈಗ ನಿಮಗೆ ಉಪಯೋಗದ ಮಾತು. ಗೋಡೆ ಮೇಲೆ ಚೀಟಿ ಹಚ್ಚಿ ಇಟ್ಟಿದ್ದನ್ನು ಧಾರಾಳವಾಗಿ ತನ್ನಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಮನೆ ಖಾಲಿ ಮಾಡುವಾಗ ರಸ್ತೆಯಲ್ಲಿ ನಿಲ್ಲಿಸುವ ದೊಡ್ಡ ಕಬ್ಬಿಣದ ತೊಟ್ಟಿಯಿಂದ ಕೇಳದೆ ತೆಗೆಯಬೇಡಿ, ಅದು ಕಳ್ಳತನವಾಗಬಹುದು. ಬಾಗಿಲು ತಟ್ಟಿ ಕೇಳಿದರೆ ಸಾಮಾನ್ಯವಾಗಿ ಖುಷಿಯಿಂದ ಕೊಡುತ್ತಾರೆ. ದಾನ ಬಂದ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿ ಮುಚ್ಚಿದ ಮೇಲೆ ಬಾಗಿಲಲ್ಲಿ ಬಿಟ್ಟುಹೋದ ಚೀಲವನ್ನೂ ಮುಟ್ಟಬೇಡಿ, ಅದು ದಾನ ಕೊಟ್ಟಿದ್ದು. ಒಳಗೆ ಹೋಗಿ ಕೊಳ್ಳಿ. ಗ್ಲಾಸ್ಟರ್ ರೋಡಿನಲ್ಲಿ ಇಂಥ ಅಂಗಡಿ ಸಾಕಷ್ಟಿವೆ, ಒಂದೆರಡು ಪೌಂಡಿಗೆ ಪುಸ್ತಕ ಸಿಗುತ್ತದೆ. ಇಷ್ಟವಾದ ಲೇಖಕರ ಉಳಿದ ಪುಸ್ತಕಗಳಿಗೆ ಲೈಬ್ರರಿ ಕಾರ್ಡ್ ಮಾಡಿಸಿ, ಅದಕ್ಕೆ ದುಡ್ಡಿಲ್ಲ. ಅಲ್ಲಿಗೆ ಹೋದ ಮೊದಲ ವಾರವೇ ಮಾಡಿಸಿಕೊಳ್ಳಿ.

ಒದ್ದೆ ಪುಸ್ತಕ ತಂದರೆ ಅವತ್ತೇ ಆರೈಕೆ ಮಾಡಿ. ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಇಪ್ಪತ್ತು ಹಾಳೆಗೊಂದರಂತೆ ಅಡುಗೆಮನೆಯ ಪೇಪರ್ ಟವೆಲ್ ಇಟ್ಟು, ನೆನೆದಂತೆ ಬದಲಿಸಿ. ಆಮೇಲೆ ನೆಟ್ಟಗೆ ನಿಲ್ಲಿಸಿ, ಹಾಳೆ ಬಿಡಿಸಿ, ಫ್ಯಾನ್ ಗಾಳಿಗಿಡಿ. ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬೂಷ್ಟು ಜಾಸ್ತಿ ಆಗಿದ್ದರೆ ಬಿಟ್ಟುಬಿಡಿ. ಬಾಡಿಗೆ ಕೋಣೆಗಳು ಚಿಕ್ಕವು, ಉಸಿರಾಟದ ತೊಂದರೆ ಇರುವವರಿಗೆ ಒಳ್ಳೆಯದಲ್ಲ.

ಹೆಸರು ಗೊತ್ತಿಲ್ಲದ ಲೇಖಕರನ್ನೇ ಎತ್ತಿಕೊಳ್ಳಿ ಅನ್ನುವುದು ನನ್ನ ಸಲಹೆ. ಹೆಸರಾದವರು ಹೇಗೂ ಸಿಗುತ್ತಾರೆ. ಮೂವತ್ತು ಪುಟ ಓದಿ, ಸೇರದಿದ್ದರೆ ಇನ್ನೊಂದು ಗೋಡೆ ಮೇಲಿಡಿ. ಮಳೆ ಇಲ್ಲದ ದಿನ ನೋಡಿ ಇಡಿ, ಅಷ್ಟೇ.

ಆ ಮೂರು ಪುಸ್ತಕ ಈ ಸಲ ನನ್ನ ಜೊತೆ ಧಾರವಾಡಕ್ಕೆ ಬಂದಿವೆ. ಹೊರಡುವ ಮೊದಲು ಮನೆಗೆ ಬಂದವರು ಒಂದೊಂದು ಒಯ್ಯಬಹುದು. ಹಾಳೆ ಇನ್ನೂ ಅಲೆಅಲೆಯಾಗಿವೆ, ಓದಲು ತೊಂದರೆ ಇಲ್ಲ. 'ಹೌಲ್' ಪುಸ್ತಕದ ಮೊದಲ ಪುಟದಲ್ಲಿ ಯಾವುದೋ ಮಗು ಪೆನ್ಸಿಲ್‌ನಲ್ಲಿ ತನ್ನ ಹೆಸರು, ಬ್ರಿಸ್ಟಲ್ ಅಂತ ಬರೆದಿದೆ. ಅದರ ಕೆಳಗೆ ನಾನು ನನ್ನ ಹೆಸರು, ಧಾರವಾಡ ಅಂತ ಬರೆದೆ. ಹೋದ ವರ್ಷ ಓದಿದ ಹುಡುಗಿ ಗದಗ ಅಂತ ಬರೆದು ವಾಪಸ್ ಕೊಟ್ಟಳು. ನೀವೂ ಬರೆಯಿರಿ. ಹಾವೇರಿಯವರು ಇನ್ನೂ ಯಾರೂ ಬಂದಿಲ್ಲ.