ತೋಟಕ್ಕೆ ಇಳಿಯುವ ಮುಂಚೆ ಗಂಜಿ, ಜೊತೆಗೊಂದು ಹಿಡಿ ಹೆಸರುಕಾಳು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಅಡಿಕೆ ಕೊಯ್ಲು ಶುರುವಾದರೆ ಬೆಳಗ್ಗೆ ಎಲ್ಲರಿಗೂ ಅವಸರ. ಬರೀ ಚಹಾ ಕುಡಿದು ತೋಟಕ್ಕೆ ಇಳಿಯುವವರೇ ಜಾಸ್ತಿ. ಹತ್ತು ಗಂಟೆ ಹೊತ್ತಿಗೆ ಕೆಲವರಿಗೆ ಕೈ ನಡುಗುತ್ತದೆ, ತಲೆ ತಿರುಗುತ್ತದೆ. ಮರ ಹತ್ತುವವರಿಗೆ ಹೀಗಾದರೆ ಭಯವಲ್ವಾ?

ಮೊದಲು ಕುಚ್ಚಲಕ್ಕಿ ಗಂಜಿ. ಒಂದು ತುತ್ತನ್ನು ಬಾಯಲ್ಲಿಟ್ಟು ಚೆನ್ನಾಗಿ ಅಗಿದು ನೋಡಿ, ಸ್ವಲ್ಪ ಹೊತ್ತಿಗೆ ಸಿಹಿ ಅನಿಸುತ್ತದೆ. ಅನ್ನದ ಪಿಷ್ಟವನ್ನು ಎಂಜಲು ಆಗಲೇ ಒಡೆಯತೊಡಗಿರುತ್ತದೆ. ಮುಂದೆ ಸಣ್ಣ ಕರುಳಿನಲ್ಲಿ ಅದು ಪೂರ್ತಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಉಳಿದದ್ದು ಗ್ಲೈಕೋಜನ್ ಆಗಿ ದಾಸ್ತಾನಾಗುತ್ತದೆ: ಯಕೃತ್ತಿನಲ್ಲಿ (ಲಿವರ್) ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಸ್ನಾಯುವಿನ ದಾಸ್ತಾನು ಆ ಸ್ನಾಯುವಿಗೆ ಮಾತ್ರ. ಮಿದುಳಿಗೆ ಸಕ್ಕರೆ ಕಳಿಸುವುದು ಯಕೃತ್ತು. ರಾತ್ರಿಯಿಡೀ ಕಳಿಸಿ ಕಳಿಸಿ ಬೆಳಗ್ಗೆ ಅದರ ಕಣಜ ಬಹಳಷ್ಟು ಖಾಲಿಯಾಗಿರುತ್ತದೆ.

ಆಗ ನಾವು ಏನೂ ತಿನ್ನದಿದ್ದರೆ? ದೇಹ ಕೊಬ್ಬನ್ನು ಉರಿಸುತ್ತದೆ ನಿಜ. ಆದರೆ ಕೊಬ್ಬಿನಿಂದ ಸಕ್ಕರೆ ಆಗುವುದು ತೀರಾ ಕಡಿಮೆ. ಹಾಗಾಗಿ ಯಕೃತ್ತು ಸ್ನಾಯುವಿನ ಪ್ರೊಟೀನಿಗೂ ಕೈ ಹಾಕಿ ಸಕ್ಕರೆ ಮಾಡುತ್ತದೆ. ಮನೆಯ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ.

ಪ್ರೊಟೀನಿನ ಕೆಲಸವೇ ಬೇರೆ. ಹೊಟ್ಟೆ, ಕರುಳಿನಲ್ಲಿ ಅದು ಅಮೈನೋ ಆಮ್ಲಗಳಾಗಿ ಒಡೆದು ಸ್ನಾಯು, ಚರ್ಮ, ರಕ್ತ ಕಟ್ಟಲು ಹೋಗುತ್ತದೆ. ಅಕ್ಕಿಯ ಪಿಷ್ಟದ ಹಾಗೆಯೇ ಗ್ರಾಂಗೆ ಸುಮಾರು 4 ಕ್ಯಾಲೊರಿ ಕೊಡುತ್ತದೆ. ಆದರೆ ಅದಕ್ಕೆ ಬೇರೆ ಕಣಜ ಇಲ್ಲ. ಜಾಸ್ತಿಯಾದದ್ದರ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಉರಿಯುತ್ತದೆ ಇಲ್ಲವೇ ಕೊಬ್ಬಾಗುತ್ತದೆ. ಆದ್ದರಿಂದ ಉರಿಯಲು ಗಂಜಿ ಕೊಡಿ, ಕಟ್ಟಲು ಕಾಳು ಕೊಡಿ.

ರಾತ್ರಿ ಮಲಗುವಾಗ ಒಬ್ಬರಿಗೆ 30 ಗ್ರಾಂ ಲೆಕ್ಕದಲ್ಲಿ, ಅಂದರೆ ಒಂದು ಹಿಡಿ, ಹೆಸರು ನೆನೆಹಾಕಿ. ಬೆಳಗ್ಗೆ ಉಪ್ಪು ಹಾಕಿ ಬೇಯಿಸಿ, ತೆಂಗಿನ ತುರಿ ಸೇರಿಸಿ ಒಗ್ಗರಣೆ ಕೊಡಿ. ಸುಮಾರು 7 ಗ್ರಾಂ ಪ್ರೊಟೀನ್ ಸಿಗುತ್ತದೆ. ತುಳುವರ ಪದೆಂಗಿ ಇದೇ, ಮಲಯಾಳದ ನೆರೆಯವರ ‘ಕಂಜಿ ಪಯರು’ ಇದೇ. ಅಕ್ಕಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಹೆಸರಿನಲ್ಲಿ ಚೆನ್ನಾಗಿದೆ. ಹೆಸರಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಅಕ್ಕಿಯಿಂದ ಬರುತ್ತದೆ. ಎಂಥ ಒಳ್ಳೆಯ ಜೋಡಿ!

ತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 60 ಕಿಲೋದವರಿಗೆ ಸುಮಾರು 50 ಗ್ರಾಂ. ಹಿಡಿ ಹೆಸರಿನಲ್ಲೇ ಅದು ಮುಗಿಯುವುದಿಲ್ಲ. ಮಧ್ಯಾಹ್ನ ಬೇಳೆ, ಮೊಸರು, ಮೊಟ್ಟೆ ಅಥವಾ ಬೂತಾಯಿ ಮೀನು ಬೇಕು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಅಳತೆಯನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಚಹಾ ಬಿಡಬೇಕಾಗಿಲ್ಲ. ಉಂಡು ಒಂದು ಗಂಟೆ ಕಳೆದ ಮೇಲೆ ಕುಡಿಯಿರಿ. ಊಟದ ಜೊತೆಗೇ ಕುಡಿದರೆ ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.