ಮಸಿ ಹಿಡಿದ ಆಕ್ಸಿಜನ್ ಸೆನ್ಸರ್ ತೊಳೆದು ಮತ್ತೆ ಹಾಕಿದ ಕಥೆ

ಚೆಕ್ ಎಂಜಿನ್ ಲೈಟ್ ಹತ್ತಿತು. ಸ್ಕ್ಯಾನರ್ ಹಾಕಿದರೆ ಪಿ0133 ಕೋಡ್, ಅಂದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಮುಂಚೆ ಇರುವ, ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಸೆನ್ಸರ್ ನಿಧಾನವಾಗಿದೆ ಅಂತ. ಎಂಜಿನ್ ಬಿಸಿಯಾದ ಮೇಲೆ ಅದರ ವೋಲ್ಟೇಜ್ 0.1ರಿಂದ 0.9ರವರೆಗೆ ಚಕಚಕ ಏರಿಳಿಯಬೇಕು ಅಲ್ವಾ, ನನ್ನದು ಏರಿದರೆ ಅಲ್ಲೇ ಕೂತು ಯಾವಾಗಲೋ ಇಳಿಯುತ್ತಿತ್ತು.

ಎಂಜಿನ್ ಸ್ವಲ್ಪ ಬೆಚ್ಚಗಿದ್ದಾಗಲೇ 22 ಎಂಎಂ ಸ್ಪ್ಯಾನರ್‌ನಿಂದ ಬಿಚ್ಚಿದೆ. ತುದಿ ತುಂಬ ದೀಪದ ಕಾಡಿಗೆಯಂಥ ಮಸಿ. ನೋಡಿ ಸಮಾಧಾನವಾಯಿತು, ಯಾಕಂದರೆ ಮಸಿ ಸುಟ್ಟು ಹೋಗುತ್ತದೆ. ಸಿಲಿಕೋನ್ ಸೀಲೆಂಟ್‌ನಿಂದ ಬರುವ ಬಿಳಿ ಪುಡಿಯೋ, ಕೂಲೆಂಟ್ ಸೋರಿ ಕೂತ ಪದರವೋ ಆಗಿದ್ದರೆ ತೊಳೆಯುವ ಗೋಜಿಗೇ ಹೋಗುತ್ತಿರಲಿಲ್ಲ, ಹೊಸದೇ ತರುತ್ತಿದ್ದೆ.

ತುದಿಯನ್ನಷ್ಟೇ ಒಂದು ರಾತ್ರಿ ಪೆಟ್ರೋಲ್‌ನಲ್ಲಿ ನೆನೆಸಿಟ್ಟೆ, ಮನೆಯ ಹೊರಗೆ. ಅರ್ಧ ಮಸಿ ಹೋಯಿತು. ತಂತಿ ಬ್ರಷ್ ಮುಟ್ಟಲಿಲ್ಲ. ತೂತಿನ ಕವಚದೊಳಗೆ ಇರುವುದು ಜಿರ್ಕೋನಿಯಾ ಸೆರಾಮಿಕ್, ಅದರ ಮೇಲೆ ಪ್ಲಾಟಿನಂನ ತೆಳು ಪದರ. ಕೆರೆದರೆ ಹಾಳು. ತಂತಿ ಬರುವ ಕಡೆಗೂ ಏನೂ ಸಿಂಪಡಿಸಬೇಡಿ, ಹೊಗೆಯ ಆಕ್ಸಿಜನ್ ಜೊತೆ ಹೋಲಿಕೆಗೆ ಬೇಕಾದ ಹೊರಗಿನ ಗಾಳಿ ಅಲ್ಲಿಂದಲೇ ಒಳಗೆ ಹೋಗುವುದು.

ಮರುದಿನ ಪೆಟ್ರೋಲ್ ಪೂರ್ತಿ ಆರಿದೆ ಅಂತ ಖಾತ್ರಿಯಾದ ಮೇಲೆ, ಪೆಟ್ರೋಲ್ ಡಬ್ಬ ದೂರ ಇಟ್ಟು, ಗ್ಯಾಸ್ ಟಾರ್ಚ್‌ನಿಂದ ತುದಿಯನ್ನು ನಿಧಾನವಾಗಿ ಕಾಯಿಸಿದೆ. ಮಂದ ಕೆಂಪಾಗುವ ಹೊತ್ತಿಗೆ ಮಸಿ ಸುಟ್ಟು ಬೂದು ಬಣ್ಣ ಕಂಡಿತು. ಆಗಲೇ ಮಲ್ಟಿಮೀಟರ್ ಹಿಡಿದು ಪರೀಕ್ಷೆಯನ್ನೂ ಮಾಡಿದೆ. ನನ್ನದರಲ್ಲಿ ಕಪ್ಪು ತಂತಿ ಸಿಗ್ನಲ್, ಬೂದು ತಂತಿ ಗ್ರೌಂಡ್. ಜ್ವಾಲೆಯೊಳಗೆ 0.8 ವೋಲ್ಟ್ ದಾಟಿತು, ಜ್ವಾಲೆ ತೆಗೆದ ತಕ್ಷಣ ಸೊನ್ನೆ ಹತ್ತಿರಕ್ಕೆ ಬಿತ್ತು. ಇದನ್ನು ನೋಡದೆ ಸುಮ್ನೆ ವಾಪಸ್ ಹಾಕಬೇಡಿ. ಎರಡು ಬಿಳಿ ತಂತಿಗಳ ನಡುವೆ, ಸೆನ್ಸರನ್ನು ಬಿಸಿ ಮಾಡುವ ಒಳಗಿನ ಹೀಟರ್‌ನ ಓಮ್ಸ್ ಕೂಡ ನೋಡಿಕೊಳ್ಳಿ, ಹೀಟರ್ ಸುಟ್ಟಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಬಿಸಿ ಸೆನ್ಸರನ್ನು ನೀರಿಗೆ ಅದ್ದಬಾರದು, ಸೆರಾಮಿಕ್ ಸೀಳುತ್ತದೆ. ತಾನಾಗಿ ಆರಲಿ.

ಆದರೆ ಇಷ್ಟು ಮಸಿ ಬಂದಿದ್ದಾದರೂ ಎಲ್ಲಿಂದ? ಟೆಂಪರೇಚರ್ ಮುಳ್ಳು ಎಷ್ಟು ಓಡಿಸಿದರೂ ಮಧ್ಯಕ್ಕೆ ಬರುತ್ತಿರಲಿಲ್ಲ, ನಾನೇ ಅದನ್ನು ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಕೂಲೆಂಟ್ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿತ್ತು. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತಿತ್ತು. ಮೊದಲು ಅದನ್ನು ಬದಲಿಸಿ, ಆಮೇಲೆ ಸೆನ್ಸರ್ ಹಾಕಿದೆ. ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್ ಆಂಟಿಸೀಜ್ ಹಚ್ಚಿದ್ದು ಥ್ರೆಡ್‌ಗೆ ಮಾತ್ರ, ತುದಿಗೆ ಒಂದು ಚೂರೂ ತಾಗಿಸಲಿಲ್ಲ.

ಕೆಲವು ತಿಂಗಳ ನಂತರ ಕುತೂಹಲಕ್ಕೆ ಮತ್ತೆ ಬಿಚ್ಚಿ ನೋಡಿದೆ. ತುದಿ ತಿಳಿ ಕಂದು ಬಣ್ಣಕ್ಕಿತ್ತು, ಮಸಿ ಇರಲಿಲ್ಲ.